ಪಾಲಿನ ಕೋಳಿಗಳಿಗೆ ಹುಳಿ ನುಚ್ಚು

ಸೀರೆಯ ಮೇಲೆ, ಎಡ ಮೊಣಕಾಲಿನ ಹತ್ತಿರ, ಅಡಿಕೆಯಷ್ಟು ಅಗಲದ ಒಂದು ಒದ್ದೆ ಕಲೆ. ಅದರ ನಡುವೆ ಜೋಳದ ಒಂದು ನುಚ್ಚು ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ತೆಗೆದು ಕಿಟಕಿಯಾಚೆ ಹಾಕುವಷ್ಟರಲ್ಲಿ ಎರಡನೆಯದು ಬಿತ್ತು. ತೊಡೆಯ ಮೇಲಿದ್ದ ಗಡಿಗೆಯ ಬಾಯಿಗೆ ಕಟ್ಟಿದ ಬಟ್ಟೆ ನಿಧಾನವಾಗಿ ಉಬ್ಬುತ್ತಿತ್ತು, ಅಂಚಿನಲ್ಲಿ ಸಣ್ಣಗೆ ಉಸಿರು ಬಿಡುತ್ತಿತ್ತು, ಮತ್ತೆ ಕುಗ್ಗುತ್ತಿತ್ತು. ಬಸ್ಸು ಇನ್ನೂ ರಾಜೇಶ್ವರ ದಾಟಿರಲಿಲ್ಲ.

"ಏನ್ರಿ ಅದು? ನಾರಾಕತ್ತದ," ಎಂದಳು ಪಕ್ಕದಲ್ಲಿ ಕೂತ ಹೆಂಗಸು. ಹುಲಸೂರಿಗೆ ಹೊರಟವಳು.

"ನುಚ್ಚು."

"ನುಚ್ಚು ಹಿಂಗ ನಾರತದೇನ್ರಿ?"

"ಹುಳಿ ಬಂದದ."

"ಅಯ್ಯ, ಎಳ್ಳಮಾಸಿ ಹಬ್ಬ ಇನ್ನಾ ಎಲ್ಲ್ಯದ! ಈಗ್ಯಾಕ ಅಂಬಲಿ ಹೊತ್ತೀರಿ?"

ಅಂಬಲಿಯಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾಳೆ. ಕೋಳಿಗೆ ಎಂದರೆ ನನ್ನ ಹಣೆಯ ವಿಭೂತಿಯನ್ನೊಮ್ಮೆ ಗಡಿಗೆಯನ್ನೊಮ್ಮೆ ನೋಡುತ್ತಾಳೆ. ಆಮೇಲೆ ಹುಲಸೂರಿನವರೆಗೆ ಹೇಳಿಕೊಂಡು ಹೋಗಲು ಅವಳಿಗೊಂದು ಕತೆಯಾಗುತ್ತದೆ. ನಾನು ಬಟ್ಟೆಯ ಅಂಚನ್ನು ಒತ್ತಿ ಹಿಡಿದೆ. ಅಷ್ಟರಲ್ಲಿ ಕಂಡಕ್ಟರ್ ಬಂದು ಗಡಿಗೆಯ ಮೇಲೆ ಬಾಗಿ ನೋಡಿದ.

"ಬಾಯಾರ, ಇದಕ್ಕೂ ಟಿಕೇಟ್ ತಗೋಬೇಕಾಗತದ ನೋಡ್ರಿ. ಇದೂ ಉಸರಾಡಾಕತ್ತದ."

ಹಿಂದಿನ ಸೀಟುಗಳೆಲ್ಲ ನಕ್ಕವು. ನನ್ನ ವಿದ್ಯಾರ್ಥಿಗಳಿಬ್ಬರು ಅಲ್ಲಿದ್ದರು. ಅವರೂ ನಕ್ಕರು.

ಆ ವರ್ಷಗಳಲ್ಲಿ ನಾನು ಹುಮನಾಬಾದಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ. ಧಾರವಾಡದಲ್ಲಿ ಓದು ಮುಗಿಸಿ ಬಂದ ಹೊಸತು. ನಮ್ಮ ಮನೆ ಬಸವಕಲ್ಯಾಣದಲ್ಲಿ. ಅಲ್ಲಿ ಅಪ್ಪನ ಬಟ್ಟೆ ಅಂಗಡಿ, ಊರ ಹೊರಗೆ ಒಂದಿಷ್ಟು ಹೊಲ. ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡ, ಹುಮನಾಬಾದಿನಲ್ಲಿ ಕೋಣೆ ಮಾಡಿ ಇರುತ್ತೇನೆ ಎಂದೆ. ಅಪ್ಪ ಒಪ್ಪಿದರು, ಆದರೆ ಹಿರಿಯ ಹೆಣ್ಣು ಜೊತೆಗಿರಬೇಕು ಎಂದರು. ಮನೆ ಬಿಟ್ಟು ಬರಬಹುದಾದ ಹಿರಿಯ ಹೆಣ್ಣು ಒಬ್ಬಳೇ: ಅಪ್ಪನ ಅಕ್ಕ, ನನ್ನ ಸೋದರತ್ತಿ. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು ತಮ್ಮನ ಮನೆಗೆ ಮರಳಿದವಳು. ಊಟಕ್ಕೆ ಕೂತಾಗ ಈ ಮಾತು ಹುಟ್ಟಿತು, ಕೈ ತೊಳೆಯುವಷ್ಟರಲ್ಲಿ ತೀರ್ಮಾನವಾಗಿತ್ತು. ಅತ್ತಿಯನ್ನು ಯಾರೂ ಕೇಳಲಿಲ್ಲ. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಮೂರನೆಯ ದಿನಕ್ಕೆ ನಾವಿಬ್ಬರೂ ಹುಮನಾಬಾದಿನಲ್ಲಿದ್ದೆವು.

ಇನ್ನು ಕೋಳಿಯ ಮಾತು ಹೇಳಲೇಬೇಕು. ನಮ್ಮದು ಲಿಂಗಪೂಜೆಯ ಮನೆ. ಅಲ್ಲಿ ಕೋಳಿ ಸಾಕುವುದು ದೂರದ ಮಾತು, ಆ ಶಬ್ದವನ್ನೇ ಯಾರೂ ಆಡುತ್ತಿರಲಿಲ್ಲ. ಅವ್ವ "ಅವು" ಎನ್ನುತ್ತಿದ್ದಳು. ಅಪ್ಪ ಏನೂ ಅನ್ನುತ್ತಿರಲಿಲ್ಲ, ತಮಗೆ ಗೊತ್ತೇ ಇಲ್ಲ ಎಂಬಂತೆ ಇರುತ್ತಿದ್ದರು. ಆದರೂ ಅತ್ತಿಗೆ ಕೋಳಿಗಳಿದ್ದವು. ಬಹಳ ವರ್ಷಗಳ ಹಿಂದೆ ಕೊಹಿನೂರದ ರೈತನೊಬ್ಬ, ತನ್ನ ಮಗಳ ಬಾಣಂತನದಲ್ಲಿ ಅತ್ತಿ ಮಾಡಿದ ಸಹಾಯಕ್ಕಾಗಿ, ಮರಿಗಳ ಸಮೇತ ಒಂದು ಕೋಳಿಯನ್ನು ನಮ್ಮ ಬಾಗಿಲಲ್ಲಿ ಬಿಟ್ಟು ಕೈ ಮುಗಿದು ಹೋಗಿಬಿಟ್ಟ. ಒಳಗೆ ತರುವಂತಿಲ್ಲ, ಕೊಟ್ಟವನ ಮನಸ್ಸು ಮುರಿದು ಹಿಂದಕ್ಕೆ ಕಳಿಸುವಂತೆಯೂ ಇಲ್ಲ. ಅತ್ತಿ ಅವನ್ನು ತನ್ನ ಗೆಳತಿಗೆ ಪಾಲಿಗೆ ಕೊಟ್ಟಳು.

ಪಾಲಿಗೆ ಕೊಡುವುದೆಂದರೆ, ಕೋಳಿ ಒಬ್ಬರದು, ಸಾಕುವವರು ಇನ್ನೊಬ್ಬರು, ಮರಿ ತತ್ತಿ ಎಲ್ಲವೂ ಅರ್ಧರ್ಧ. ಆ ಗೆಳತಿ ನಮ್ಮ ಹೊಲಕ್ಕೆ ಕೂಲಿಗೆ ಬರುತ್ತಿದ್ದ ಮನೆಯವಳು. ಹುಡುಗಿಯರಾಗಿದ್ದಾಗ ಇಬ್ಬರೂ ಕುಸುಬಿ ಹೊಲದಲ್ಲಿ ಕೂಡಿ ಆಡಿದವರು. ನಾನು ಅವಳನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಪ್ರತಿ ಸಂತೆಯ ದಿನ ತತ್ತಿ ಮಾರಿ ಮೌಶಿ ನಮ್ಮ ಮನೆಯ ಮುಂದಿನ ಕಟ್ಟೆಗೆ ಬರುತ್ತಿದ್ದಳು. ಅತ್ತಿಯ ಪಾಲು ಅತ್ತಿಗೆ ಕೊಡುತ್ತಿದ್ದಳು. ಆಮೇಲೆ ದೀಪ ಹಚ್ಚುವ ತನಕ ಇಬ್ಬರೂ ಎಲೆ ಮೆಲ್ಲುತ್ತ ಮಾತಾಡುತ್ತಿದ್ದರು. ಪಾಲು ಇಲ್ಲದಿದ್ದರೆ ಅವಳು ನಮ್ಮ ಕಟ್ಟೆಯ ಮೇಲೆ ಅಷ್ಟು ಹೊತ್ತು ಕೂರುವುದಕ್ಕೆ ಯಾವ ಕಾರಣವೂ ಇರಲಿಲ್ಲ, ಯಾರೂ ಕೂರಗೊಡುತ್ತಲೂ ಇರಲಿಲ್ಲ. ಅತ್ತಿಗೆ ಆ ಊರಿನಲ್ಲಿ ಬೇರೆ ಗೆಳತಿಯರೂ ಇರಲಿಲ್ಲ.

ಹುಳಿ ನುಚ್ಚು ಅತ್ತಿಯ ಸ್ವಂತ ವಿದ್ಯೆ. ಒಮ್ಮೆ ಎಳ್ಳಮಾವಾಸ್ಯೆಯ ಹುಳಿ ಅಂಬಲಿಯ ತಳ ಉಳಿದಾಗ ಮೌಶಿ ಕೇಳಿ ಒಯ್ದು ಕೋಳಿಗಳ ಮುಂದೆ ಸುರಿದಳಂತೆ. ಅವು ಒಂದು ಕಾಳೂ ಬಿಡದೆ ಕುಕ್ಕಿ ತಿಂದವಂತೆ, ತತ್ತಿಯ ಸಿಪ್ಪೆ ಗಟ್ಟಿಯಾಯಿತಂತೆ. ಅಂದಿನಿಂದ ಅತ್ತಿ ಅಡುಗೆಮನೆಯ ಹಿಂದೆ ಅದಕ್ಕೆಂದೇ ಒಂದು ಗಡಿಗೆ ಇಟ್ಟಳು. ಜೋಳದ ನುಚ್ಚು, ಸ್ವಲ್ಪ ತವಡು, ತೊಗರಿ ಹೊಟ್ಟು, ಮೇಲೆ ಎರಡು ಬೆರಳು ನೀರು. ಹೆಪ್ಪಿಗೆ ಹಳೆಯದರದೇ ಒಂದು ಸೌಟು. ದಿನಕ್ಕೆರಡು ಸಲ ಕೋಲಿನಿಂದ ತಿರುವುವುದು. ಹಸಿ ವಾಸನೆ ಹೋಗಿ ಮಜ್ಜಿಗೆಯಂಥ ಹುಳಿ ವಾಸನೆ ಬಂದು ಗುಳ್ಳೆ ಏಳತೊಡಗಿದರೆ ಅದು ಹದ. ಮೌಶಿ ಸಂತೆಯ ದಿನ ಬಂದು, "ಏನರೆ ಹುಳಿ ಉಳದದೇನ?" ಎಂದು ಕೇಳಿ ಒಯ್ಯುತ್ತಿದ್ದಳು. ಅವ್ವ ಅದನ್ನು ಎಮ್ಮೆಯ ಮುಸುರೆ ಎಂದುಕೊಳ್ಳುವ ವ್ರತ ಹಿಡಿದಿದ್ದಳು.

ಹುಮನಾಬಾದಿಗೆ ಬರುವಾಗ ಅತ್ತಿ ಹಾಸಿಗೆಯ ಸುರುಳಿಯೊಳಗೆ ಒಂದು ಬಾಟಲಿಯಲ್ಲಿ ಆ ಹೆಪ್ಪನ್ನು ತಂದಳು. ಬಾಟಲಿಯ ಬಿರಡೆ ದಾರಿಯಲ್ಲೇ ಹಾರಿತ್ತು. ನಮ್ಮ ಎರಡು ಕೌದಿಗಳಿಗೆ ಆ ವಾಸನೆ ಕೊನೆಯವರೆಗೂ ಇತ್ತು.

"ಇಲ್ಲಿ ಯಾರಿಗೆ ಇದು?" ಎಂದೆ.

"ಅವುಕ."

"ಅವು ಅಲ್ಲಿ ಅದಾವ. ನಾವು ಇಲ್ಲಿ ಅದೀವಿ."

"ನೀ ಐತವಾರಕ್ಕೊಮ್ಮೆ ಊರಿಗಿ ಹೋಗತಿ. ಖಾಲಿ ಕೈಲಿ ಹೋಗತಿಯೇನ?"

ಇದ್ದದ್ದು ಒಂದೇ ಕೋಣೆ. ಅದರಲ್ಲಿ ನನ್ನ ಪುಸ್ತಕ, ಅತ್ತಿಯ ಪೂಜೆ, ಒಲೆ ಮತ್ತು ಈ ಗಡಿಗೆ. ಮಳೆಗಾಲದಲ್ಲಿ ಕಿಟಕಿ ಮುಚ್ಚಿದರೆ ಪಾಠದ ತಯಾರಿ ಮಾಡುತ್ತಿದ್ದವಳಿಗೆ ತಲೆ ತಿರುಗುತ್ತಿತ್ತು. ಒಮ್ಮೆ ಕಾಲೇಜಿನ ಹಿರಿಯ ಅಧ್ಯಾಪಕಿ ಬಂದವರು ಚಹಾ ಮುಗಿಸದೆ ಎದ್ದರು. ನಾನು ಅತ್ತಿಗೆ ಹುಳಿಯಾಗುವಾಗ ಗಾಳಿ ಹುಟ್ಟುತ್ತದೆ, ಅದಕ್ಕೆ ದಾರಿ ಬೇಕು, ಬಾಯಿ ಬಿಗಿದು ಕಟ್ಟಬೇಡ ಎಂದು ಹೇಳಿದೆ. ಒಂದಲ್ಲ, ಹಲವು ಸಲ.

"ಸಡಲ ಕಟ್ಟಿದ್ರ ಬಸ್ಸಿನ್ಯಾಗ ಚೆಲ್ಲತದ."

"ಬಿಗದು ಕಟ್ಟೂದಕ್ಕೇ ಚೆಲ್ಲತದ ಅತ್ತಿ."

"ನಿನ್ನ ಧಾರವಾಡದ ಮಾತು ಧಾರವಾಡದಾಗ ಇಡು," ಎಂದು ಹಲ್ಲಿನಿಂದ ದಾರ ಎಳೆದು ಇನ್ನೊಂದು ಗಂಟು ಹಾಕಿದಳು.

ಹಾಗೆ ಮೊದಲ ಐತವಾರ ನಾನು ಸೀರೆಯ ತುಂಬ ಕಲೆ ಮಾಡಿಕೊಂಡು, ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ನಿಂತಾಗ ಎಲ್ಲರೂ ನನ್ನನ್ನು ದಾಟಿ ಇಳಿಯುವಾಗ ಮೂಗು ಮುಚ್ಚಿಕೊಂಡದ್ದನ್ನು ನೋಡಿಕೊಂಡು, ಕಿಲ್ಲೆಯ ಹಿಂಬದಿಯ ಓಣಿಯಲ್ಲಿ ಮೌಶಿಯ ಬೇಲಿಯ ಮುಂದೆ ನಿಂತೆ. ಒಂದು ಉಪಕಾರ ಮಾಡಿದ ಸಮಾಧಾನವಾದರೂ ಸಿಗಬಹುದು ಎಂದುಕೊಂಡಿದ್ದೆ.

ಮೌಶಿ ಬಟ್ಟೆ ಬಿಚ್ಚಿ ಮೂಸಿದಳು. ಆಮೇಲೆ ನನ್ನ ಬೆನ್ನ ಹಿಂದೆ, ಓಣಿಯ ತುದಿಯವರೆಗೆ ನೋಡಿದಳು.

"ಯಾರು ಕಳಸ್ಯಾರ ಇದನ್ನ?"

"ಅತ್ತಿ."

"ಯಾರ ಕೋಳಿಗಿ?"

"ನಿಮ್ಮಿಬ್ಬರ ಕೋಳಿಗಿ, ಮೌಶಿ."

"ಹಂಗಾರ ನಾ ಅವನ್ನ ಉಪವಾಸ ಕೆಡವೇನಿ ಅಂತ ತಿಳಕೊಂಡಾಳ ನಿಮ್ಮತ್ತಿ."

"ಹಂಗಲ್ರಿ."

"ಹಂಗಲ್ದ ಹ್ಯಾಂಗ? ಹೋಗಿ ಹೇಳು ಅಕಿಗಿ. ಕೋಳಿ ಎಮ್ಮಿ ಅಲ್ಲ ಅಂತ ಹೇಳು. ಬರೋಬ್ಬರಿ ಹಿಂಗ ಹೇಳು."

ಅದರ ಅರ್ಥ ನನಗೆ ಆಗಲಿಲ್ಲ. ಮನೆಗೆ ಹೋಗಿ ಅವ್ವನನ್ನು ಕೇಳಿದೆ. ಅವ್ವ "ಅವುದರ ಸುದ್ದಿ ನನಗ ಕೇಳಬ್ಯಾಡ" ಎನ್ನುತ್ತಲೇ ಎಲ್ಲವನ್ನೂ ಹೇಳಿದಳು. ಎಮ್ಮೆಯನ್ನು ಪಾಲಿಗೆ ಕೊಟ್ಟರೆ, ಅದು ಈಯುವ ಹೊತ್ತಿಗೆ ಯಜಮಾನರು ಹಿಂಡಿ ಕಳಿಸುವುದು ಪದ್ಧತಿ. ಕಳಿಸದಿದ್ದರೆ ಜಿಪುಣರೆನ್ನುತ್ತಾರೆ. ನಮ್ಮ ಮನೆಯ ಪಾಲೆಲ್ಲ ಎಮ್ಮೆಯದೇ ಆದ್ದರಿಂದ ಅತ್ತಿಗೆ ಗೊತ್ತಿದ್ದದ್ದು ಆ ಕಾನೂನು ಮಾತ್ರ. ಕೋಳಿಯದು ಬೇರೆ. ಕೋಳಿ ತಿರುಗಿ ತಿನ್ನುವ ಪ್ರಾಣಿ, ಅದರ ಹೊಟ್ಟೆ ಸಾಕುವವಳ ಹೊಣೆ. ಕೊಟ್ಟವರು ಕಾಳು ಕಳಿಸಿದರೆ, ನಿನ್ನ ಮೇಲೆ ನಂಬಿಕೆ ಇಲ್ಲ, ಪಾಲು ಮುರಿಯುವವಳಿದ್ದೇನೆ ಎಂದು ಓಣಿಗೆಲ್ಲ ಸಾರಿದಂತೆ. ಸಾಕುವವಳು ತಾನಾಗಿ ಕೇಳಿ ಒಯ್ಯುವುದು ಬೇರೆ. ಬಸ್ಸು ಹತ್ತಿಸಿ ಕಳಿಸುವುದು ಬೇರೆ.

ಸಂಜೆ ಹುಮನಾಬಾದಿಗೆ ಮರಳಿ ಇದನ್ನೆಲ್ಲ ಅತ್ತಿಗೆ ಬಿಡಿಸಿ ಹೇಳಿದೆ. ತಿಳಿದವರಾದರೆ ಅಲ್ಲಿಗೆ ಮುಗಿಯಬೇಕಿತ್ತು.

"ಕೋಳಿ ಎಮ್ಮಿ ಅಲ್ಲಂತ?" ಅತ್ತಿಯ ಕಿವಿಗೆ ಅದೊಂದೇ ಬಿದ್ದಿತ್ತು. "ನನಗ ಗೊತ್ತಿಲ್ಲೇನ? ಎಮ್ಮಿ ಆಗಿದ್ರ ಹಾಲರೆ ಕೊಡತಿತ್ತು ಅಂತ ಹೇಳು ಅಕಿಗಿ."

"ನಾ ಹೇಳಂಗಿಲ್ಲ."

"ಹೇಳದಿದ್ರ ಬಿಡು. ಗಡಿಗಿ ಮಾತ್ರ ಒಯ್ಯಿ."

ಗಡಿಗೆಯೇ ಜಗಳವೆಂದು ನಾನು ಹೇಳಿದ್ದೆ. ಅದನ್ನೇ ಒಯ್ಯಿ ಎನ್ನುತ್ತಿದ್ದಳು. ಹೋಗುವುದೇ ಇಲ್ಲ ಎಂದು ಒಂದು ಐತವಾರ ಕೋಣೆಯಲ್ಲೇ ಉಳಿದೆ. ಅತ್ತಿ ಊಟ ಮಾಡದೆ ಗಡಿಗೆಯ ಪಕ್ಕ ಕೂತಳು. ಆಗಾಗ ಬಟ್ಟೆ ಎತ್ತಿ ಒಳಗೆ ನೋಡಿ, "ಹೋತು, ಇದು ಕೆಡತದ" ಎನ್ನುತ್ತಿದ್ದಳು. ಮುಂದಿನ ವಾರ ಒಯ್ದೆ.

ಹೀಗೆ ನಾನು ಇಬ್ಬರು ಮುದುಕಿಯರ ಅಂಚೆಯಾದೆ. ಸ್ವಂತ ವಿಷಯಕ್ಕೂ ದನಿ ಎತ್ತಿ ಮಾತಾಡದ ನಾನು, ಊರಿಂದೂರಿಗೆ ಬೈಗುಳ ಹೊತ್ತು ತಿರುಗಿದೆ.

"ನಿಮ್ಮತ್ತಿಗಿ ಹೇಳು, ಹುಮನಾಬಾದದಾಗ ನುಚ್ಚು ಹೆಚ್ಚಾಗಿದ್ರ ಅಲ್ಲೇ ಊರ ಕೋಳಿಗಿ ಹಾಕು ಅಂತ."

"ಅಕಿಗಿ ಹೇಳು, ಊರ ಕೋಳಿ ನನ್ನ ಪಾಲಿನ್ಯಾಗ ಇಲ್ಲ ಅಂತ."

"ಪಾಲಿನ ಕೋಳಿಗಿ ಹುಡಕಾಕ ಬರಲಿ ಅನ್ನು. ಕಣ್ಣಾಗ ಎಣ್ಣಿ ಹಾಕ್ಕೊಂಡು ಬರಲಿ. ಯಾವುದು ತನ್ನದು ಅಂತ ಗುರುತ ಹಿಡೀಲಿ."

ಒಂದು ವಾರ, ಸಾಕಾಗಿ, "ಮೌಶಿ ಆರಾಮ ಇದ್ದಾಳ" ಎಂದಷ್ಟೇ ಹೇಳಿ ಪುಸ್ತಕ ತೆರೆದೆ. ಅತ್ತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅಷ್ಟೇ ಅಂದಳೇನ?"

"ಹೂಂ."

"ಸುಳ್ಳ. ಅಕಿ ಅಷ್ಟು ಅನ್ನಾಕಿ ಅಲ್ಲ. ಏನಂದಳು ಹೇಳು. ನಡುವ ಏನೂ ತಗೀಬ್ಯಾಡ."

ಹೇಳಿದೆ. ನಡುವೆ ಏನೂ ತೆಗೆಯದೆ, ಮೌಶಿ ಕೈ ತಿರುವಿದ್ದನ್ನೂ ಸೇರಿಸಿ. ಅತ್ತಿ ಗಮನವಿಟ್ಟು ಕೇಳಿದಳು, ಒಂದು ಕಡೆ "ಇನ್ನೊಮ್ಮೆ ಹೇಳು" ಎಂದಳು. ಆಮೇಲೆ ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ಬೈಗುಳ ಬಂದ ದಿನ ಅವಳಿಗೆ ಹಸಿವೆ. ನನಗೆ ಅದು ಅರ್ಥವಾಗುತ್ತಿರಲಿಲ್ಲ. ಅರ್ಥ ಮಾಡಿಕೊಳ್ಳುವ ತಾಳ್ಮೆಯೂ ಇರಲಿಲ್ಲ.

ಆದರೆ ಚಳಿ ಶುರುವಾಗುವ ಹೊತ್ತಿಗೆ ಬೈಗುಳವೂ ನಿಂತಿತು. ಆ ಐತವಾರ ನಾನು ಹೋದಾಗ ಮೌಶಿ ನೆಟ್ಟಗೆ ಗೋಡೆಯ ಕಡೆ ನಡೆದಳು. ಹಿಂದಿನ ವಾರದ ಗಡಿಗೆ ನಾನಿಟ್ಟ ಜಾಗದಲ್ಲೇ, ಗೋಡೆಯ ಮೇಲೆ ಇತ್ತು. ಬಟ್ಟೆ ಬಿಚ್ಚಿರಲಿಲ್ಲ. ಅವಳು ಅದನ್ನು ತಂದು ನನ್ನ ಕೈಯಲ್ಲಿಟ್ಟಳು. ತುಂಬಿದ ಗಡಿಗೆ.

"ಬರೂ ಐತವಾರ ಪಾಲು ಮುರಿಯೂಣು ಅಂತ ಹೇಳು. ಬುಟ್ಟಿ ತಗೊಂಡು ಬರಲಿ."

"ಮೌಶಿ, ಅಕಿ ಅವನ್ನ ಎಲ್ಲಿ ಒಯ್ಯಬೇಕು?"

"ಅದು ನನ್ನ ಫಿಕೀರಲ್ಲ ತಂಗಿ."

ಆ ಗಡಿಗೆಯನ್ನು ಬಸ್ ನಿಲ್ದಾಣದ ಹಿಂದೆ ಚೆಲ್ಲಿ ಹಗುರಾಗಿ ಬರಬಹುದಿತ್ತು. ಚೆಲ್ಲಲಿಲ್ಲ. ನಡೆದದ್ದನ್ನು ನಡೆದಂತೆ ತೋರಿಸುವುದು ನನಗೆ ರೂಢಿ. ಹೊತ್ತು ತಂದು ಅತ್ತಿಯ ಮುಂದಿಟ್ಟೆ. ಅವಳು ಬಟ್ಟೆ ಬಿಚ್ಚಿದಳು. ಮೇಲೆ ಬಿಳಿ ಪೊರೆ ಕಟ್ಟಿತ್ತು, ಹುಳಿ ವಾಸನೆ ಹೋಗಿ ಕೊಳೆತ ವಾಸನೆ ಬಂದಿತ್ತು. ಮೌಶಿ ಹೇಳಿದ್ದನ್ನು ನಾನು ಹೇಳಿದೆ. ಇನ್ನೊಮ್ಮೆ ಹೇಳು ಎನ್ನಲಿಲ್ಲ. ಆ ವಾರವೆಲ್ಲ ಅವಳು ಎಲೆ ಹಾಕಿಕೊಳ್ಳಲಿಲ್ಲ. ಗಡಿಗೆ ತಿರುವುವ ಕೋಲನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕೂರುತ್ತಿದ್ದಳು. ಪಾಲು ಮುರಿದರೆ ಅವಳಿಂದ ಹೋಗುವುದು ತತ್ತಿಯೂ ಅಲ್ಲ, ಮರಿಯೂ ಅಲ್ಲ, ಸಂತೆಯ ದಿನ ಕಟ್ಟೆಯ ಮೇಲೆ ಬಂದು ಕೂರುವ ಒಬ್ಬಳು ಎಂಬುದು ನನಗೆ ಆಗ ಕಾಣಿಸಿತು. ಕಂಡದ್ದಕ್ಕೆ ಸಿಟ್ಟೇ ಹೆಚ್ಚಾಯಿತು. ಇಷ್ಟು ಬೇಕಾದವಳಿಗೆ ಒಂದು ಮಾತು ಕಳಿಸುವ ಬದಲು ಹುಳಿ ಕಳಿಸುತ್ತಾರೆಯೇ?

"ಈ ಐತವಾರ ನೀನೂ ಬಾ," ಎಂದೆ.

"ನಾ ಯಾಕ? ಅಕಿ ಕರದಾಳೇನ?"

"ಬುಟ್ಟಿ ತಗೊಂಡು ಬರಲಿ ಅಂದಾಳ. ನಾನಂತೂ ಬುಟ್ಟಿ ಹೊರಾಕಿ ಅಲ್ಲ."

ಬಂದಳು. ಬುಟ್ಟಿ ತರಲಿಲ್ಲ. ಗಡಿಗೆ ತಂದಳು.

"ಇವತ್ತರೆ ಇದನ್ನ ಬಿಡು ಅತ್ತಿ."

"ಪಾಲು ಮುರದ್ರ ಅವುರ ಹೊಟ್ಟಿ ಎಲ್ಲಿ ಹೋಗತದ?" ಎಂದು ಗಡಿಗೆಯನ್ನು ತನ್ನ ತೊಡೆಯ ಮೇಲೆಯೇ ಇಟ್ಟುಕೊಂಡಳು. ಈ ಸಲ ಬಾಯಿಯನ್ನು ಸಡಿಲವಾಗಿ ಕಟ್ಟಿದ್ದಳು. ಒಂದು ಹನಿಯೂ ಚೆಲ್ಲಲಿಲ್ಲ. ಆ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೌಶಿಯ ಅಂಗಳದಲ್ಲಿ ಎರಡು ದೊಡ್ಡ ಬುಟ್ಟಿಗಳು ಬೋರಲಾಗಿದ್ದವು. ಅವುಗಳ ಅಡಿಯಲ್ಲಿ ರೆಕ್ಕೆ ಬಡಿತ, ಕೊಕ್ ಕೊಕ್ ಸದ್ದು. ಸಾಕಿದವಳು ಎರಡು ಪಾಲು ಮಾಡಬೇಕು, ಕೊಟ್ಟವಳು ಮೊದಲು ಆರಿಸಬೇಕು. ಮೋಸ ಆಗದಿರಲು ಹಿರಿಯರು ಮಾಡಿಟ್ಟ ಉಪಾಯ. ಅತ್ತಿ ಬೇಲಿಯ ಹೊರಗೇ ನಿಂತಳು.

"ಆರಸು," ಎಂದಳು ಮೌಶಿ.

"ಹೂಂ. ಆರಸ್ತೇನಿ."

"ಅಲ್ಲಿಂದ ಹ್ಯಾಂಗ ಆರಸ್ತಿ? ಒಳಗ ಬಾ."

"ಇಲ್ಲಿಂದ ಕಾಣತದ."

"ಬುಟ್ಟಿ ಕಾಣತದ."

ಅತ್ತಿ ಗಡಿಗೆಯನ್ನು ಬೇಲಿಯ ಒಳಗೆ ಇಳಿಸಿ, ಸೆರಗು ಬಿಗಿದು, ನಿರಿಗೆ ಎತ್ತಿ, ಹಿಕ್ಕೆ ಇಲ್ಲದ ಕಡೆ ಹೆಜ್ಜೆ ಹುಡುಕುತ್ತ ಒಳಗೆ ಬಂದಳು. ಅಷ್ಟು ವರ್ಷಗಳ ಯಜಮಾನಿ ತನ್ನ ಕೋಳಿಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಂದೇ ಇರಬೇಕು. ಮೌಶಿ ಒಂದೊಂದೇ ಬುಟ್ಟಿಯ ಅಂಚು ಎತ್ತಿ ತೋರಿಸಿದಳು. ಅತ್ತಿ ಬಾಗಿ, ಮೂಗಿಗೆ ಸೆರಗು ಹಿಡಿದು, ಬಹಳ ಹೊತ್ತು ನೋಡಿದಳು.

"ಇದು," ಎಂದು ಎಡಗಡೆಯದನ್ನು ತೋರಿಸಿದಳು.

"ಅದರಾಗ ಆ ಬೋಳ ಕುತಗಿದು ಮುದಿ ಅದ. ತತ್ತಿ ಬಿಟ್ಟು ವರ್ಷಾತು. ಗೊತ್ತದಿಲ್ಲ?"

"ಗೊತ್ತದ. ಇರಲಿ. ಮುದುಕಿ ಎಲ್ಲೂ ಹೋಗಂಗಿಲ್ಲ. ಕುಂತಲ್ಲೇ ಕುಂದರತಾಳ."

"ಹಂಗಾರ ಒಯ್ಯಿ."

ಅತ್ತಿ ನಿಂತೇ ಇದ್ದಳು.

"ಒಯ್ಯಿ. ನಿನ್ನವು."

"ಎಲ್ಲಿ ಒಯ್ಲಿ?"

"ಹುಮನಾಬಾದಕ್ಕ ಒಯ್ಯಿ. ದೊಡ್ಡ ಮನಿ ಮಾಡೀರೆಂತ."

"ಒಂದ ಖೋಲಿ ಅದ."

"ನನಗ ಹ್ಯಾಂಗ ಗೊತ್ತಾಗಬೇಕು?" ಮೌಶಿಯ ದನಿ ಏರಿತು. "ಹೇಳಿ ಹೋದಿಯೇನ ನೀ? ಸಂತಿ ದಿನ ತತ್ತಿ ಮಾರಿ ಬಂದು ನಿಮ್ಮ ಕಟ್ಟಿ ಮ್ಯಾಲ ಕುಂತೆ. ಎಷ್ಟೊತ್ತು ಕುಂತೆ. ನಿನ್ನ ತಮ್ಮನ ಹೆಣ್ತಿ ಹೊರಗ ಬಂದು, 'ಅವ್ರು ಹುಮನಾಬಾದಕ್ಕ ಹೋಗ್ಯಾರ, ಇನ್ನ ಅಲ್ಲೇ ಇರತಾರ' ಅಂದ್ಲು. ಮಂದಿ ನೋಡಾಕತ್ತಿದ್ರು. ಎದ್ದು ಬಂದೆ. ಆ ಐತವಾರ ಏನ ಬಂತು? ನೀ ಬರಲಿಲ್ಲ. ಒಂದ ಮಾತ ಬರಲಿಲ್ಲ. ಗಡಿಗಿ ಬಂತು!"

"ನನಗ ಯಾರು ಕೇಳಿದ್ರು?" ಎಂದಳು ಅತ್ತಿ. ಅವಳದು ಕೂಗಲ್ಲ. "ತಮ್ಮ ಅಂದ. ನಾ ಹೊಂಟೆ. ನಿನಗ ಏನಂತ ಹೇಳಿ ಕಳಸ್ಲಿ? ಯಾರ ಕೂಡ ಕಳಸ್ಲಿ? ನನಗ ಬರೂದು ಇದೊಂದ. ಅದಕ್ಕ ಇದನ್ನ ಕಳಸಿದೆ."

ಮೌಶಿ ಗಡಿಗೆಯ ಕಡೆ ನೋಡಿದಳು. ಆಮೇಲೆ, ಒಪ್ಪಂದ ಮಾಡಿಕೊಂಡವರಂತೆ, ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಇಕಿ ಸಲವಾಗಿ," ಎಂದಳು ಮೌಶಿ.

"ಮತ್ತೇನ."

"ಒಬ್ಬಾಕಿ ಇರಾಕ ಅಂಜತಾಳೇನ?"

"ಇಕಿ ಯಾಕ ಅಂಜತಾಳ? ಧಾರವಾಡದಾಗ ಇದ್ದು ಬಂದಾಕಿ. ಅಂಜಾವ್ರು ಬ್ಯಾರೆ ಇದ್ದಾರ."

"ನೋಡು, ಎಷ್ಟು ಸೊರಗ್ಯಾಳ. ನೀ ಇದ್ದು ಏನ ಉಣಸ್ತಿ?"

"ಉಂಡ್ರಲ್ಲ! ಪುಸ್ತಕ ಹಿಡದಳಂದ್ರ ಅನ್ನ ಆರಿ ಕಲ್ಲ ಆಗತದ. ಮದಿವಿ ಮಾತ ತಗದ್ರ ಹೊರಗ ಎದ್ದ ಹೋಗತಾಳ."

"ಈಗೂ ಹೋಗಾಕತ್ತಾಳ ನೋಡು."

ನ್ಯಾಯ ನೋಡಿ. ತಿಂಗಳುಗಟ್ಟಲೆ ಇವರಿಬ್ಬರ ಗಡಿಗೆ ಹೊತ್ತವಳು ನಾನು, ಇವರಿಬ್ಬರ ಬೈಗುಳ ಹೊತ್ತವಳೂ ನಾನು. ಈಗ ಓಣಿಯ ಹೆಂಗಸರು ಬೇಲಿಯ ಮೇಲಿಂದ ನೋಡುತ್ತಿರುವಾಗ ನನ್ನ ಊಟ, ನನ್ನ ಮೈ, ನನ್ನ ಮದುವೆ ಎಲ್ಲವೂ ಅಂಗಳದಲ್ಲಿ ಹರಡಿದ್ದವು. ನಾನು ಬೇಲಿಯ ಕಡೆ ನಡೆದದ್ದು ನಿಜ. ನಡೆಯುವಾಗ ಕೆಳಗಿಟ್ಟಿದ್ದ ಗಡಿಗೆಗೆ ಕಾಲು ಎಡವಿತು. ಹುಳಿ ನುಚ್ಚು ನೆಲಕ್ಕೆ ಹರಿಯಿತು.

ಬುಟ್ಟಿಗಳ ಮೇಲೆ ಕಲ್ಲು ಇಟ್ಟಿರಲಿಲ್ಲ. ವಾಸನೆ ಹಿಡಿದದ್ದೇ ತಡ, ಒಳಗಿನ ನೂಕಾಟಕ್ಕೆ ಮೊದಲು ಒಂದು ಬುಟ್ಟಿ ಮಗುಚಿತು, ಅದರ ಹಿಂದೆಯೇ ಇನ್ನೊಂದು. ಎರಡೂ ಪಾಲಿನವು ಒಂದೇ ಆಗಿ ಬಂದು ಮುಗಿಬಿದ್ದವು. ಬೋಳು ಕುತ್ತಿಗೆಯ ಮುದುಕಿ ಎಲ್ಲವನ್ನೂ ಕುಕ್ಕಿ ಸರಿಸಿ ನಡುವೆ ನಿಂತಿತು. ತಿಂದ ಮೇಲೆ ಅವು ಕೊಕ್ಕನ್ನು ನೆಲಕ್ಕೆ ಒರೆಸುವುದನ್ನು ಅತ್ತಿ ಬಾಯಿ ತೆರೆದು ನೋಡುತ್ತಿದ್ದಳು. ವರ್ಷಗಟ್ಟಲೆ ಮಾಡಿದ ಅಡುಗೆಯನ್ನು ಉಣ್ಣುವವರು ಅವಳ ಎದುರಿಗೆ ಉಂಡದ್ದು ಅದೇ ಮೊದಲು.

"ಹುಳಿ ಬರೋಬ್ಬರಿ ಬಂದದ," ಎಂದಳು ಮೌಶಿ, ಬಗ್ಗಿ ಒಂದು ಚಿಟಿಕೆ ಎತ್ತಿ ಮೂಸಿ.

"ತಂಪ ಹೆಚ್ಚಾಗಿ ಒಂದ ದಿನಾ ತಡಾ ಆತು."

"ತವಡ ಕಡಿಮಿ ಹಾಕು."

"ಅಲ್ಲಿ ತವಡ ಹಸನ ಸಿಗಂಗಿಲ್ಲ."

"ಮತ್ತ ಅಲ್ಲ್ಯಾಕ ಇದ್ದೀ?"

ಅತ್ತಿ ಬಗ್ಗಿ ಖಾಲಿ ಗಡಿಗೆಯನ್ನು ನೆಟ್ಟಗೆ ಇಟ್ಟಳು. ಮೌಶಿ ಎರಡೂ ಬುಟ್ಟಿಗಳನ್ನು ಎತ್ತಿ ಗೋಡೆಗೆ ಒರಗಿಸಿದಳು. "ಇವತ್ತ ಇನ್ನ ಆಗಂಗಿಲ್ಲ. ಬರೂ ಐತವಾರ ಮತ್ತ ಪಾಲು ಮಾಡೂಣು."

"ಬರೂ ಐತವಾರ ಬರತೇನೋ ಇಲ್ಲೋ. ಇಕಿ ಕಾಲೇಜಿನ್ಯಾಗ ಪರೀಕ್ಷಾ ಅದಾವಂತ."

"ಪರೀಕ್ಷಾ ಅಕೀವು. ನಿಂದೇನು?" ಮೌಶಿ ನಗಲಿಲ್ಲ. "ನೋಡು, ನೀ ಊರಾಗ ಇದ್ರ ನಾನ ಬಂದು ಕೇಳಿ ಒಯ್ತೇನಿ, ಮದ್ಲಿನ ಹಂಗ. ಕಳಸಿದ್ದು ಮಾತ್ರ ನಾ ಮುಟ್ಟಂಗಿಲ್ಲ. ಇಲ್ಲಂದ್ರ ಪಾಲು ಮುರದ ಬಿಡೂಣು. ನನಗೂ ವಯಸ್ಸಾತು. ಯಾರೂ ಬರದ ಕಟ್ಟಿ ಕಾಯಾಕ ಆಗಂಗಿಲ್ಲ."

ಮರಳಿ ಬರುವ ಬಸ್ಸಿನಲ್ಲಿ ಅತ್ತಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸಸ್ತಾಪುರ ಬಂಗ್ಲಾ ದಾಟಿದ ಮೇಲೆ ನಾನೇ ಕೇಳಿದೆ.

"ನಿನಗ ಹುಮನಾಬಾದ ಸೇರಂಗಿಲ್ಲೇನ?"

"ಸೇರೂದು ಬಿಡೂದು ಏನದ. ನಿನ್ನಪ್ಪ ಅಂದಾನ."

"ನಾ ನಿನ್ನ ಕೇಳಾಕತ್ತೇನಿ."

"ನನ್ನ ಕೇಳಿ ಏನ ಮಾಡತಿ?" ಎಂದಳು. ಕೊಂಕಿನಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಂತೆ. ಹುಮನಾಬಾದ ಬರುವವರೆಗೆ ನಾನು ಆ ಪ್ರಶ್ನೆಯನ್ನು ತಿರುವಿ ತಿರುವಿ ನೋಡಿದೆ.

ಮರುದಿನ ಬೆಳಿಗ್ಗೆ ನಾನು ಎದ್ದಾಗ ಅವಳು ಮುಂದಿನ ವಾರಕ್ಕೆಂದು ನುಚ್ಚು ಕೇರುತ್ತಿದ್ದಳು. ಯಾರಿಗೆ ಎಂದು ಕೇಳಲಿಲ್ಲ. ಮೊರವನ್ನು ಅವಳ ಕೈಯಿಂದ ತೆಗೆದುಕೊಂಡು ಅವಳ ಸೀರೆಗಳನ್ನು ಮಡಚತೊಡಗಿದೆ.

"ಏನ ಮಾಡಾಕತ್ತಿ?"

"ನೀ ಊರಿಗಿ ಹೊಂಟಿ. ಎಂಟರ ಬಸ್ಸಿಗಿ."

"ನಿನಗ ಹುಚ್ಚ ಹಿಡದದೇನ? ನಿನ್ನಪ್ಪ ಏನಂತಾನ?"

"ಅಪ್ಪಗ ನಾ ಹೇಳತೇನಿ."

"ಒಬ್ಬಾಕಿ ಹ್ಯಾಂಗ ಇರತಿ?"

"ಬಾಗಲಾ ಹಾಕ್ಕೊಂಡು ಇರತೇನಿ."

ಬಸ್ ನಿಲ್ದಾಣದವರೆಗೂ ಬೈದಳು. ಅನ್ನ ಬಸಿಯುವಾಗ ಕೈ ಸುಟ್ಟುಕೊಳ್ಳಬೇಡ ಎಂದಳು, ಹಾಲಿನವನನ್ನು ನಂಬಬೇಡ ಎಂದಳು, ಹಿರಿಯರಿಗೆ ಎದುರಾಡುವ ಹುಡುಗಿಯರ ಗತಿ ಏನಾಗುತ್ತದೆ ಎಂದೂ ವಿವರವಾಗಿ ಹೇಳಿದಳು. ಬಸ್ಸು ಹೊರಟಾಗ ಸಂತೆಗೆ ಇನ್ನೆಷ್ಟು ದಿನ ಎಂದು ಪಕ್ಕದವಳನ್ನು ಕೇಳುತ್ತಿದ್ದಳು.

ನಾನು ಅಂಚೆ ಕಚೇರಿಗೆ ಹೋಗಿ ಅಪ್ಪನ ಅಂಗಡಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಲೈನು ಸಿಗುವ ಹೊತ್ತಿಗೆ ಕಚೇರಿ ತುಂಬಿತ್ತು. ಪಿಂಚಣಿಗೆ ಬಂದ ಮುದುಕರು, ಕಾಲೇಜಿನ ಗುಮಾಸ್ತ, ನಮ್ಮ ಮನೆಯ ಮಾಲೀಕರ ತಮ್ಮ. "ಅತ್ತಿ ಬರಾಕತ್ತಾಳ. ಇನ್ನ ನಾ ಒಬ್ಬಾಕೀ ಇರತೇನಿ," ಎಂದೆ. ಕೇಳಿಸಲಿಲ್ಲ ಎಂದರು ಅಪ್ಪ. ಇನ್ನೊಮ್ಮೆ ಹೇಳಿದೆ. ಯಾರು ಬರುತ್ತಿದ್ದಾರೆ ಎಂದರು. ಆಗ ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಚೇರಿಯೆಲ್ಲ ಮೌನವಾಗಿ ಕೇಳುತ್ತಿರುವಾಗ, ಅದೇ ಮಾತನ್ನು ಗಂಟಲು ಹರಿಯುವಂತೆ ಕೂಗಿ ಹೇಳಿದೆ.